ಊರ ಬಾಯಿಗೆ ಮಟ್ಟು ಕಟ್ಟಿದವನು: ಫ್ರೀಡ್ರಿಶ್ ಸಿಲ್ಶರ್

ಮೊದಲು ಒಂದು ಸಾಲಿನ ಸ್ವರ ಹೇಳುತ್ತೇನೆ, ಮನಸ್ಸಿನಲ್ಲೇ ಹಾಡಿಕೊಳ್ಳಿ. ಪ, ಪ ದ ಪ, ಮೇಲಿನ ಸ, ನಿ ದ, ಪ, ಮ. ನಮ್ಮ ಶಂಕರಾಭರಣದ ಸ್ವರಸ್ಥಾನಗಳೇ. ಮೂರು ಮೂರರ ತೂಗುನಡೆ. ಮೊದಲ ಪಂಚಮ ತಾಳದ ಪೆಟ್ಟಿಗಿಂತ ಮುಂಚೆಯೇ ಬಂದುಬಿಡುತ್ತದೆ, ಪೆಟ್ಟು ಬೀಳುವುದು ಎರಡನೆಯ ಪಂಚಮದ ಮೇಲೆ. ಇದು ‘ಲೋರೆಲೈ’ ಹಾಡಿನ ಎತ್ತುಗಡೆ. ರೈನ್ ನದಿಯ ಬಂಡೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತ ಹಾಡುವ ಹೆಣ್ಣು, ಅವಳನ್ನು ನೋಡುತ್ತ ಮೈಮರೆತು ಮುಳುಗುವ ಅಂಬಿಗ: ಇಷ್ಟೇ ಕಥೆ. ಪದ್ಯ ಜರ್ಮನ್ ಕವಿ ಹೈನ್ರಿಶ್ ಹೈನೆಯದು, 1824ರಲ್ಲಿ ಅಚ್ಚಾದದ್ದು. ಮಟ್ಟು ಫ್ರೀಡ್ರಿಶ್ ಸಿಲ್ಶರ್‌ನದು, 1837ರದು. ಹೈನೆಯ ಹೆಸರು ಜಗತ್ತಿಗೇ ಗೊತ್ತು. ಮಟ್ಟು ಮಾತ್ರ ಬಹಳ ಜನರ ಪಾಲಿಗೆ ‘ಹಳೆಯ ಜನಪದ ಹಾಡು’.

ಇದೇ ಪದ್ಯಕ್ಕೆ ಫ್ರಾಂಟ್ಸ್ ಲಿಸ್ಟ್ ಸಂಗೀತ ಕೂಡಿಸಿದ, ಕ್ಲಾರಾ ಶೂಮನ್ ಕೂಡಿಸಿದಳು. ಎರಡೂ ದೊಡ್ಡ ಕೃತಿಗಳು. ಪಳಗಿದ ಗಾಯಕರು, ಪಳಗಿದ ಪಿಯಾನೊ ವಾದಕರು ಕಚೇರಿಯಲ್ಲಿ ಹಾಡಬೇಕಾದವು. ಸಿಲ್ಶರ್‌ನದು ಮನೆ ಮನೆಯಲ್ಲಿ ಉಳಿಯಿತು. ಇದು ಅದೃಷ್ಟ ಅಂತ ನನಗೆ ಅನಿಸುವುದಿಲ್ಲ. ತಾಲೀಮಿಲ್ಲದ ಗಂಟಲು ಎಷ್ಟು ಭಾರ ಹೊರಬಲ್ಲದು ಅನ್ನುವುದನ್ನು ಅಳೆದು ನೋಡಿ ಬರೆದವನು ಅವನು. ಆ ಅಳತೆ ಹೇಗಿತ್ತು ಅನ್ನುವುದನ್ನೇ ಇವತ್ತು ಬಿಡಿಸಿ ನೋಡೋಣ. ಜೀವನದ ಕಥೆ ಜೊತೆಜೊತೆಗೆ ಬರುತ್ತದೆ.

ಹುಟ್ಟಿದ್ದು 1789ರ ಜೂನ್ 27. ಊರು ಶ್ನೈಟ್, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ, ರೆಮ್ಸ್ ಅನ್ನುವ ಸಣ್ಣ ನದಿಯ ಕಣಿವೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ. ತಂದೆ ಊರ ಶಾಲೆಯ ಮೇಷ್ಟ್ರು. ಹುಡುಗನಿಗೆ ಆರು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡ. ತಾಯಿ ಮತ್ತೆ ಮದುವೆಯಾದದ್ದೂ ಒಬ್ಬ ಮೇಷ್ಟ್ರನ್ನೇ. ಆ ಕಾಲದ ಆ ಸೀಮೆಯಲ್ಲಿ ಶಾಲೆಯ ಮೇಷ್ಟ್ರು ಅಂದರೆ ಬರೀ ಅಕ್ಷರ ಕಲಿಸುವವನಲ್ಲ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವನು ಅವನೇ, ಹಾಡು ಎತ್ತಿಕೊಡುವವನು ಅವನೇ, ಮಕ್ಕಳಿಗೆ ಸ್ವರ ಕಲಿಸುವವನೂ ಅವನೇ. ಹಾಗಾಗಿ ಮೇಷ್ಟ್ರಾಗಲು ಹೊರಟ ಹುಡುಗನಿಗೆ ಸಂಗೀತ ಕಲಿಕೆಯ ಅರ್ಧಭಾಗ. ಹದಿನಾಲ್ಕರ ಹೊತ್ತಿಗೆ ಫೆಲ್‌ಬಾಖ್ ಊರಿನ ಔಬರ್ಲೆನ್ ಅನ್ನುವ ಮೇಷ್ಟ್ರ ಕೈಕೆಳಗೆ ಕಲಿಯಲು ಹೋದ. ಔಬರ್ಲೆನ್ ಒಳ್ಳೆಯ ಸಂಗೀತಗಾರ. ನಾಲ್ಕು ದನಿಯ ಹಾಡುಗಾರಿಕೆಯ, ಅಂದರೆ ಒಂದೇ ಹಾಡನ್ನು ನಾಲ್ಕು ಬೇರೆ ಬೇರೆ ಸ್ವರಸಾಲುಗಳಲ್ಲಿ ಒಟ್ಟಿಗೆ ಹಾಡುವುದರ, ಬುನಾದಿ ಬಿದ್ದದ್ದು ಅಲ್ಲಿ.

ಆಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಸಹಾಯಕ ಮೇಷ್ಟ್ರು, 1809ರಿಂದ ಲುಡ್ವಿಗ್ಸ್‌ಬರ್ಗ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ. ಆ ಊರಿಗೂ ಪಕ್ಕದ ಸ್ಟುಟ್‌ಗಾರ್ಟಿಗೂ ಆಗ ಓಡಾಡಿಕೊಂಡಿದ್ದವನು ಕಾರ್ಲ್ ಮರಿಯಾ ಫೊನ್ ವೇಬರ್, ಮುಂದೆ ಜರ್ಮನ್ ಒಪೆರಾದ ದೊಡ್ಡ ಹೆಸರು. ಸಂಗೀತವನ್ನೇ ಕಸುಬಾಗಿ ಹಿಡಿ ಎಂದು ಸಿಲ್ಶರ್‌ನ ಬೆನ್ನು ತಟ್ಟಿದವನು ಅವನು. 1815ರಲ್ಲಿ ಸ್ಟುಟ್‌ಗಾರ್ಟಿಗೆ ಹೋಗಿ ಕೋನ್ರಾಡಿನ್ ಕ್ರೊಯ್ಟ್ಸರ್, ಯೋಹಾನ್ ನೆಪೊಮುಕ್ ಹುಮ್ಮೆಲ್ ಇಬ್ಬರ ಬಳಿ ಪಿಯಾನೊ, ಸಂಯೋಜನೆ ಕಲಿತ. ಹುಮ್ಮೆಲ್ ಅಂದರೆ ಮೊಟ್ಸಾರ್ಟ್‌ನ ನೇರ ಶಿಷ್ಯ. ಅಲ್ಲಿಗೆ ಇವನು ಬರೀ ಹಳ್ಳಿ ಮೇಷ್ಟ್ರಲ್ಲ ಅನ್ನುವುದು ಗಮನದಲ್ಲಿರಲಿ. ದೊಡ್ಡ ಸಂಗೀತದ ವ್ಯಾಕರಣ ಪೂರ್ತಿ ಗೊತ್ತಿದ್ದೂ ಸಣ್ಣ ಹಾಡನ್ನು ಆರಿಸಿಕೊಂಡವನು.

1817ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನನ್ನು ಸಂಗೀತ ನಿರ್ದೇಶಕನಾಗಿ ನೇಮಿಸಿತು. ಆ ಹುದ್ದೆಯಲ್ಲಿ ಕೂತ ಮೊದಲಿಗ ಅವನು. ಹುದ್ದೆ ಇವತ್ತಿಗೂ ಇದೆ. ಆಗ ಅವನಿಗೆ ಇಪ್ಪತ್ತೆಂಟು, ಮುಂದೆ ನಲವತ್ತಮೂರು ವರ್ಷ, ಸಾಯುವ ವರ್ಷದವರೆಗೂ ಅದೇ ಊರು, ಅದೇ ಕೆಲಸ. ದೇವತಾಶಾಸ್ತ್ರ ಓದುವ ಹುಡುಗರಿಗೆ, ಪ್ರೊಟೆಸ್ಟೆಂಟ್ ವಸತಿಶಾಲೆಯಲ್ಲೂ ಕ್ಯಾಥೊಲಿಕ್ ವಸತಿಶಾಲೆಯಲ್ಲೂ, ಸಂಗೀತ ಪಾಠ. ಈ ಹುಡುಗರು ನಾಳೆ ಪಾದ್ರಿಗಳಾಗಿ ಹಳ್ಳಿ ಹಳ್ಳಿಗೆ ಹೋಗುವವರು. ಅವರ ಬಾಯಲ್ಲಿ ಕೂತದ್ದು ಸೀಮೆಯೆಲ್ಲ ಹರಡುತ್ತದೆ. ಸಿಲ್ಶರ್‌ನ ಹಾಡುಗಳು ಅಷ್ಟು ಬೇಗ ಹಬ್ಬಿದ್ದಕ್ಕೆ ಇದು ಬಹಳ ದೊಡ್ಡ ಕಾರಣ.

ಇಲ್ಲಿ ಸ್ವಲ್ಪ ನಿಂತು, ಆಗಿನ ಗಂಡಸರ ಹಾಡುಕೂಟಗಳ ಬಗ್ಗೆ ಹೇಳಬೇಕು. ಎರಡು ಮಾದರಿ ಇದ್ದವು. ಒಂದು ಬರ್ಲಿನ್ನಿನದು. ಕಾರ್ಲ್ ಫ್ರೀಡ್ರಿಶ್ ತ್ಸೆಲ್ಟರ್ 1809ರಲ್ಲಿ ಶುರು ಮಾಡಿದ ‘ಲೀಡರ್‌ಟಾಫೆಲ್’, ಹಾಡಿನ ಪಂಕ್ತಿ ಅನ್ನೋಣ. ಇಪ್ಪತ್ತನಾಲ್ಕು ಜನರ ಬಿಗಿಯಾದ ಕೂಟ, ತಿಂಗಳಿಗೊಮ್ಮೆ ಊಟದ ಮೇಜು. ಹಾಡುವವನೋ ಪದ್ಯ ಬರೆಯುವವನೋ ರಾಗ ಕಟ್ಟುವವನೋ ಆಗಿದ್ದರೆ ಮಾತ್ರ ಒಳಗೆ ಪ್ರವೇಶ. ಇನ್ನೊಂದು ಜ್ಯೂರಿಕ್‌ನದು. ಹಾನ್ಸ್ ಗೆಯೋರ್ಗ್ ನೇಗೆಲಿ ಅನ್ನುವವನದು. ಅವನ ಪ್ರಕಾರ ಹಾಡು ಎಲ್ಲರದು, ರೈತ, ಬಡಗಿ, ಅಂಗಡಿಯವನು, ಯಾರು ಬೇಕಾದರೂ ಸರಿ. ಸ್ವಿಸ್ ಶಿಕ್ಷಣ ಚಿಂತಕ ಪೆಸ್ಟಲೋಟ್ಸಿಯ ತತ್ವ ಹಿಡಿದು 1810ರಲ್ಲಿ ಹಾಡು ಕಲಿಸುವ ಕ್ರಮವೊಂದನ್ನು ಅವನು ಅಚ್ಚು ಮಾಡಿಸಿದ. ಕ್ರಮ ಹೀಗೆ: ಮೊದಲು ಬರೀ ಲಯ, ಸ್ವರವೇ ಇಲ್ಲದೆ. ಅದು ಕೂತ ಮೇಲೆ ಬರೀ ಸ್ವರ, ಏರಿಳಿತ ಮಾತ್ರ. ಮೂರನೆಯದಾಗಿ ದನಿಯ ಬಲ, ಮೆಲ್ಲಗೆ ಎಲ್ಲಿ ಜೋರಾಗಿ ಎಲ್ಲಿ ಅನ್ನುವುದು. ಈ ಮೂರೂ ಕೂಡಿದ ಮೇಲೆ ಮಾತು. ಒಂದೊಂದೇ ಕಷ್ಟವನ್ನು ಒಂದೊಂದು ಸಲ ಎದುರಿಸುವುದು. ಹೊಸ ಹಾಡನ್ನು ಮಾತು, ಸ್ವರ, ತಾಳ ಎಲ್ಲ ಒಟ್ಟಿಗೆ ತಲೆಯ ಮೇಲೆ ಸುರಿದರೆ ಕಲಿಯುವವನು ಮೂರರಲ್ಲೂ ತಪ್ಪುತ್ತಾನೆ, ಯಾವುದರಲ್ಲಿ ತಪ್ಪಿದೆ ಅಂತ ಅವನಿಗೇ ಗೊತ್ತಾಗುವುದಿಲ್ಲ. ಇದು ಇನ್ನೂರು ವರ್ಷ ಹಳೆಯ ಮಾತು. ಇವತ್ತು ಯಾವುದೇ ಕಾಯರ್, ಅಂದರೆ ಗುಂಪುಗಾಯನದ, ತಾಲೀಮಿಗೆ ಹೋದರೂ ಇದರ ಸತ್ಯ ಕಾಣುತ್ತದೆ.

ಸಿಲ್ಶರ್ ಪೂರ್ತಿ ನೇಗೆಲಿಯ ಕಡೆಯವನು. 1829ರಲ್ಲಿ ಅವನು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಕೂಟಕ್ಕೆ ಹೆಸರೇನೋ ‘ಅಕಾಡೆಮಿಕ್ ಲೀಡರ್‌ಟಾಫೆಲ್’ ಅಂತಲೇ, ಆದರೆ ಆತ್ಮ ಜ್ಯೂರಿಕ್‌ನದು. ಕಾಲವನ್ನೂ ನೆನಪಿಡಿ. 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳಿಂದ ವಿದ್ಯಾರ್ಥಿ ಸಂಘಗಳ ಮೇಲೆ ಕಣ್ಗಾವಲು, ಪತ್ರಿಕೆಗಳ ಮೇಲೆ ನಿರ್ಬಂಧ. ಹತ್ತು ಜನ ಸೇರಿದರೆ ಸರ್ಕಾರಕ್ಕೆ ಅನುಮಾನ. ಹಾಡಲು ಸೇರಿದರೆ ಅಷ್ಟು ಅನುಮಾನವಿಲ್ಲ. 1827ರಲ್ಲಿ ಪ್ಲೋಖಿಂಗೆನ್ ಊರಿನಲ್ಲಿ ನಡೆದ ಹಾಡುಹಬ್ಬಕ್ಕೆ ಸುತ್ತಲ ಊರುಗಳ ಕೂಟಗಳೆಲ್ಲ ಬಂದವು. ಸುಮಾರು ನಲವತ್ತು ತುಂಡು ತುಂಡು ರಾಜ್ಯಗಳಾಗಿ ಇದ್ದ ಜನಕ್ಕೆ ಒಂದೇ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಹೊಂದುವ ಸ್ವರಗಳ ಒಂದೇ ಕಟ್ಟಿನಲ್ಲಿ, ನಿಲ್ಲುವುದು ಬರೀ ಸಂಗೀತವಾಗಿರಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಗಂಡಸರ ನಾಲ್ಕು ದನಿ. ಮೇಲಿನಿಂದ ಒಂದನೆಯ ಟೆನರ್, ಎರಡನೆಯ ಟೆನರ್, ಒಂದನೆಯ ಬಾಸ್, ಎರಡನೆಯ ಬಾಸ್. ಹೆಂಗಸರೂ ಗಂಡಸರೂ ಸೇರಿದ ಕಾಯರ್‌ನಲ್ಲಿ ಕೆಳಗಿನ ಬಾಸಿನಿಂದ ಮೇಲಿನ ಸೊಪ್ರಾನೊವರೆಗೆ ಮೂರು ಸ್ಥಾಯಿಗೂ ಮೀರಿದ ಜಾಗ ಸಿಗುತ್ತದೆ. ಬರೀ ಗಂಡಸರಾದರೆ ಎರಡೂ ಕಾಲು, ಹೆಚ್ಚೆಂದರೆ ಎರಡೂವರೆ ಸ್ಥಾಯಿ. ನಾಲ್ಕು ಜನ ಸಂಸಾರ ಮಾಡಬೇಕಾದ ಮನೆ ಚಿಕ್ಕದು. ಇಲ್ಲಿ ಬರೆಯುವವನ ಕೈಚಳಕ ಇರುವುದು ಯಾರನ್ನು ಎಲ್ಲಿ ಮಲಗಿಸಬೇಕು ಅನ್ನುವುದರಲ್ಲಿ.

ಒಂದು ಉದಾಹರಣೆ. ಸ, ಗ, ಪ ಮೂರನ್ನೂ ಒಟ್ಟಿಗೆ ಹಿಡಿದರೆ ಮೇಜರ್ ಕಾರ್ಡ್. ಷಡ್ಜವನ್ನು ಬಾಸಿನ ಕೆಳಗಿನ ಎಫ್‌ನಲ್ಲಿ ಇಡೋಣ, ಸುಮಾರು 87 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದರ ಪಕ್ಕದಲ್ಲೇ ಗಾಂಧಾರವನ್ನು ಇಟ್ಟರೆ ಅದು 110. ನಡುವಿನ ಅಂತರ ಬರೀ 23. ಅಷ್ಟು ಕೆಳಗೆ ಅಷ್ಟು ಹತ್ತಿರದ ಎರಡು ದನಿಗಳನ್ನು ಕಿವಿ ಬೇರೆ ಬೇರೆಯಾಗಿ ಹಿಡಿಯಲಾರದು. ಎರಡೂ ಶ್ರುತಿಶುದ್ಧವಾಗಿದ್ದರೂ ಕೇಳುವವರಿಗೆ ಗೊಣಗಿದಂತೆ, ಗಡಿಗೆಯೊಳಗೆ ಮಾತಾಡಿದಂತೆ. ಇದೇ ಸ–ಗ ಜೋಡಿಯನ್ನು ಎರಡು ಸ್ಥಾಯಿ ಮೇಲೆ ಹಾಡಿಸಿ: 349 ಮತ್ತು 440. ಅಂತರ 91, ತಿಳಿಯಾಗಿ ಕೇಳುತ್ತದೆ. ಆದ್ದರಿಂದ ಕೆಳಗಿನ ಎರಡು ಬಾಸ್‌ಗಳ ನಡುವೆ ಜಾಗ ಬಿಡಬೇಕು. ಎರಡನೆಯ ಬಾಸ್ ಷಡ್ಜ, ಒಂದನೆಯ ಬಾಸ್ ಪಂಚಮ, ಎರಡನೆಯ ಟೆನರ್ ಮೇಲಿನ ಸ್ಥಾಯಿಯ ಗಾಂಧಾರ, ಒಂದನೆಯ ಟೆನರ್ ಅದಕ್ಕೂ ಮೇಲಿನ ಷಡ್ಜ. ಲೆಕ್ಕದಲ್ಲಿ 87, 131, 220, 349. ಅದೇ ಮೂರು ಸ್ವರ. ಈಗ ಗೋಡೆ ಕಟ್ಟಿದ ಹಾಗೆ ನಿಲ್ಲುತ್ತದೆ.

ಮಟ್ಟು ಸಾಮಾನ್ಯವಾಗಿ ಒಂದನೆಯ ಟೆನರ್‌ನ ಪಾಲು. ಎರಡನೆಯ ಟೆನರ್ ಅದರ ಕೆಳಗೆ ಮೂರು ಸ್ವರದ ದೂರದಲ್ಲೋ ಆರು ಸ್ವರದ ದೂರದಲ್ಲೋ ನೆರಳಿನ ಹಾಗೆ ಹೋಗುತ್ತದೆ. ಎರಡನೆಯ ಬಾಸ್ ಬುನಾದಿ: ಸ, ಪ, ಮ ಅಂತ ದೊಡ್ಡ ಹೆಜ್ಜೆ. ಉಳಿದದ್ದೆಲ್ಲ ಬಂದು ಬೀಳುವುದು ಒಂದನೆಯ ಬಾಸ್ ಮೇಲೆ. ಕಾರ್ಡಿಗೆ ಯಾವ ಸ್ವರ ಕಡಿಮೆ ಬಿತ್ತೋ ಅದನ್ನು ತುಂಬುವ ಕೆಲಸ. ಕೈ ಬಲಿಯದ ಸಂಯೋಜಕ ಬರೆದ ಒಂದನೆಯ ಬಾಸನ್ನು ಒಂಟಿಯಾಗಿ ಹಾಡಿ ನೋಡಿ, ಒಂದೇ ಸ್ವರ ಹತ್ತು ಸಲ, ಆಮೇಲೆ ಕಾರಣವೇ ಇಲ್ಲದ ಒಂದು ಜಿಗಿತ. ಹಾಡುವವನಿಗೆ ನೆನಪಿನಲ್ಲಿ ಉಳಿಯುವುದಿಲ್ಲ, ಮೂರನೆಯ ಚರಣದ ಹೊತ್ತಿಗೆ ಅವನು ತನಗರಿವಿಲ್ಲದೆ ಪಕ್ಕದವನ ಸ್ವರಕ್ಕೆ ಜಾರುತ್ತಾನೆ. ಸಿಲ್ಶರ್‌ನ ಒಳದನಿಗಳನ್ನು ಒಂಟಿಯಾಗಿ ಹಾಡಿದರೂ ಅದೊಂದು ಹಾಡೇ. ಹೆಜ್ಜೆಗಳು ಪಕ್ಕಪಕ್ಕದ ಸ್ವರಗಳಿಗೆ, ಜಿಗಿತ ಬಂದರೆ ಅದು ಕಾರ್ಡಿನೊಳಗಿನ ಸ್ವರಕ್ಕೆ. ಕಲಿಸುವ ಕೆಲಸವನ್ನೇ ಜೀವನವಿಡೀ ಮಾಡಿದವನ ಬರವಣಿಗೆ ಅದು. ತಾಲೀಮಿನಲ್ಲಿ ಯಾವ ಜಾಗದಲ್ಲಿ ಗಾಡಿ ನಿಲ್ಲುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತಿತ್ತು.

ಇನ್ನೊಂದು ತೊಡಕು ಶ್ರುತಿಯದು. ಈ ಹಾಡುಗಳಿಗೆ ಪಕ್ಕವಾದ್ಯವಿಲ್ಲ, ನಮ್ಮ ತಂಬೂರಿಯ ಹಾಗೆ ಕಿವಿಗೆ ಆಧಾರ ಕೊಡುವುದೂ ಏನೂ ಇಲ್ಲ. ಹಾಡುತ್ತ ಹಾಡುತ್ತ ಇಡೀ ಗುಂಪು ಕೆಳಗೆ ಇಳಿಯುತ್ತದೆ. ಯಾಕೆ? ಇಳಿಯುವ ಸ್ವರಗಳಲ್ಲಿ ಹೆಜ್ಜೆ ಅಗತ್ಯಕ್ಕಿಂತ ದೊಡ್ಡದಾಗುತ್ತದೆ, ಏರುವಲ್ಲಿ ಚಿಕ್ಕದಾಗುತ್ತದೆ. ಒಂದೇ ಸ್ವರವನ್ನು ನಾಲ್ಕಾರು ಸಲ ಹೇಳುವಾಗ ಉಸಿರು ಕುಗ್ಗಿ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಒಂದು ಚರಣಕ್ಕೆ ಹತ್ತು ಸೆಂಟ್, ಅಂದರೆ ಅರ್ಧ ಸ್ವರದ ಹತ್ತನೆಯ ಒಂದು ಪಾಲು ಇಳಿದರೆ ಯಾರಿಗೂ ತಿಳಿಯದು. ಆರು ಚರಣದ ಹಾಡಿನಲ್ಲಿ ಅದು ಅರವತ್ತು ಸೆಂಟ್. ಕೊನೆಯ ಚರಣಕ್ಕೆ ಎರಡನೆಯ ಬಾಸ್‌ನವರಿಗೆ ಕೆಳಸ್ವರ ಸಿಗದೆ ಬರೀ ಗಾಳಿ ಬರುತ್ತದೆ. ಪಿಯಾನೊ ಜೊತೆ ಕಲಿತು ಆಮೇಲೆ ಪಿಯಾನೊ ಬಿಟ್ಟು ಹಾಡುವವರಿಗೆ ಇನ್ನೂ ಒಂದು ಗೊಂದಲ. ಪಿಯಾನೊದ ಗಾಂಧಾರ 400 ಸೆಂಟ್, ನಾಲ್ಕು ಗಂಟಲು ಕೂಡಿದಾಗ ತಾನಾಗಿ ಕೂರುವ ಶುದ್ಧ ಗಾಂಧಾರ 386. ಕಾರ್ಡಿನ ಗಾಂಧಾರ ಹಿಡಿದವನು ಪಿಯಾನೊದ ನೆನಪಿಗೆ ಅಂಟಿಕೊಂಡರೆ ಕಾರ್ಡ್ ಕೂರುವುದಿಲ್ಲ. ಅವನು ಸ್ವಲ್ಪ ಇಳಿಸಬೇಕು. ಅವನು ಇಳಿಸಿದ್ದನ್ನು ಕೇಳಿ ಷಡ್ಜದವನೂ ಇಳಿಸಿಬಿಟ್ಟರೆ ಕೆಲಸ ಕೆಟ್ಟಿತು. ಅಭ್ಯಾಸದ ದಾರಿ ಸರಳವಾದದ್ದು: ಎರಡು ಬಾಸ್‌ಗಳಿಂದ ಸ–ಪ ಮೊದಲು ಹಿಡಿಸಿ ಅಲುಗದಂತೆ ನಿಲ್ಲಿಸಿ, ಅದರ ಮೇಲೆ ಮೇಲಿನ ಸ, ಕೊನೆಗೆ ಗ. ಪ್ರತಿ ಚರಣ ಮುಗಿದಾಗ ಟ್ಯೂನಿಂಗ್ ಫೋರ್ಕ್ ತಟ್ಟಿ ನೋಡಿ.

ಫೋರ್ಕಿನ ಮಾತು ಬಂತು, ಒಂದು ಸಣ್ಣ ಸುತ್ತು ಹೋಗಿಬರುತ್ತೇನೆ. ಇವತ್ತು ಜಗತ್ತೆಲ್ಲ ‘ಎ’ ಸ್ವರಕ್ಕೆ 440 ಅನ್ನುತ್ತದಲ್ಲ, ಆಗ ಊರಿಗೊಂದು ‘ಎ’ ಇತ್ತು. ಒಂದು ಊರಿನ ಆರ್ಗನ್ನಿಗೆ ಹಾಡಿದವರು ಪಕ್ಕದ ಊರಿಗೆ ಹೋದರೆ ಗಂಟಲು ಬಿಗಿಯುತ್ತಿತ್ತು. 440ನ್ನು ಯೋಹಾನ್ ಶೈಬ್ಲರ್ ಅನ್ನುವವನು ಮುಂದಿಟ್ಟದ್ದು, ಜರ್ಮನ್ ವಿಜ್ಞಾನಿಗಳ ಸಮ್ಮೇಳನ ಅದನ್ನು ಒಪ್ಪಿದ್ದು 1834ರಲ್ಲಿ, ಸ್ಟುಟ್‌ಗಾರ್ಟಿನಲ್ಲಿ. ಸಿಲ್ಶರ್‌ನ ಟ್ಯೂಬಿಂಗೆನ್ನಿಗೆ ಅದು ಪಕ್ಕದೂರು.

ಅವನ ಮುಖ್ಯ ಕೆಲಸಕ್ಕೆ ಬರೋಣ. 1826ರಲ್ಲಿ ಗಂಡಸರ ನಾಲ್ಕು ದನಿಗೆ ಅಳವಡಿಸಿದ ಹನ್ನೆರಡು ಜನಪದ ಹಾಡುಗಳ ಒಂದು ತೆಳು ಪುಸ್ತಕ ತಂದ. ಅದು ಜನಕ್ಕೆ ಹಿಡಿಸಿತು. ಇನ್ನೊಂದು ತಂದ. ಹೀಗೆ 1860ರವರೆಗೆ ಹನ್ನೆರಡು ಪುಸ್ತಕ, ಒಂದೊಂದರಲ್ಲಿ ಹನ್ನೆರಡು ಹಾಡು, ಒಟ್ಟು 144. ಮೂವತ್ತನಾಲ್ಕು ವರ್ಷದ ಕೆಲಸ.

‘ಸಂಗ್ರಹಿಸಿದ’ ಅಂದ ತಕ್ಷಣ, ಮುದುಕಿಯರ ಮುಂದೆ ಕೂತು ಹಾಡಿದ್ದನ್ನು ಹಾಗೇ ಬರೆದುಕೊಂಡ ಅಂತ ತಿಳಿಯಬೇಡಿ. ಇವತ್ತಿನ ಜಾನಪದ ವಿದ್ವಾಂಸರು ಒಪ್ಪುವ ಕ್ರಮ ಅವನದಲ್ಲ. ಅವನು ತಿದ್ದುತ್ತಿದ್ದ. ಎರಡು ಹಾಡು ನೋಡೋಣ.

‘ಮುಸ್ ಇ ಡೆನ್’ ಅನ್ನುವ ಹಾಡು. ಊರು ಬಿಟ್ಟು ಹೋಗಬೇಕೇ, ಈ ಪುಟ್ಟ ಊರನ್ನು ಬಿಟ್ಟು ಹೋಗಬೇಕೇ, ನೀನು ಇಲ್ಲೇ ಉಳಿಯುತ್ತೀಯಲ್ಲ ಅಂತ ಪ್ರಿಯತಮೆಗೆ ಹೇಳುವುದು. ರೆಮ್ಸ್ ಕಣಿವೆಯದೇ ಮಟ್ಟು, ಮಾತು ಅಲ್ಲಿನ ಸ್ವಾಬಿಯನ್ ಆಡುನುಡಿ. ಊರನ್ನು ‘ಷ್ಟೆಟಲೆ’ ಅನ್ನುತ್ತದೆ, ಊರು ಅನ್ನುವ ಪದಕ್ಕೆ ಮುದ್ದಿನ ‘ಲೆ’ ಸೇರಿಸಿ. ಸಿಕ್ಕಿದ್ದು ಒಂದೇ ಚರಣ. ಒಂದು ಚರಣದ ಹಾಡನ್ನು ಕೂಟದವರು ಹಾಡುವುದು ಹೇಗೆ, ಶುರುವಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಸಿಲ್ಶರ್ ಹೈನ್ರಿಶ್ ವಾಗ್ನರ್ ಅನ್ನುವವನಿಂದ ಇನ್ನೆರಡು ಚರಣ ಬರೆಸಿದ. ಇವನು ಒಪೆರಾದ ರಿಚರ್ಡ್ ವಾಗ್ನರ್ ಅಲ್ಲ, ಬೇರೆ. 1827ರಲ್ಲಿ ಅಚ್ಚಾಯಿತು. ಇವತ್ತು ಮೂರೂ ಚರಣ ಜನಪದವೇ. ನಿಮ್ಮಲ್ಲಿ ಎಲ್ವಿಸ್ ಪ್ರೆಸ್ಲಿಯ ಹಾಡು ಕೇಳಿದವರಿಗೆ ಈ ಮಟ್ಟು ಪರಿಚಯ. ಜರ್ಮನಿಯಲ್ಲಿ ಅಮೆರಿಕದ ಸೈನಿಕನಾಗಿದ್ದು ವಾಪಸಾದ ಮೇಲೆ, 1960ರಲ್ಲಿ, ಅವನು ಹಾಡಿದ ‘ವುಡನ್ ಹಾರ್ಟ್’ ಇದೇ. ನಡುವೆ ಸ್ವಾಬಿಯನ್ ಸಾಲುಗಳನ್ನೂ ಹಾಡುತ್ತಾನೆ.

ಎರಡನೆಯದು ‘ಒಳ್ಳೆಯ ಗೆಳೆಯ’. ಪದ್ಯ ಲುಡ್ವಿಗ್ ಊಲಾಂಡ್‌ನದು, 1809ರದು. ಊಲಾಂಡ್ ಟ್ಯೂಬಿಂಗೆನ್ನಿನವನೇ. ಪಕ್ಕದಲ್ಲಿ ನಡೆಯುತ್ತಿದ್ದ ಜೊತೆಗಾರ ಗುಂಡು ತಗುಲಿ ಬೀಳುತ್ತಾನೆ, ಕೈ ಚಾಚುತ್ತಾನೆ, ಇವನಿಗೆ ಬಂದೂಕಿಗೆ ಮದ್ದು ತುಂಬಬೇಕು, ಕೈ ಕೊಡಲು ಆಗುವುದಿಲ್ಲ. ಅಷ್ಟೇ ಪದ್ಯ. ಒಂದು ಅಳು ಇಲ್ಲ, ಒಂದು ಘೋಷಣೆ ಇಲ್ಲ. 1825ರಲ್ಲಿ ಸಿಲ್ಶರ್ ಇದಕ್ಕೆ ಕೂಡಿಸಿದ್ದು ಸ್ವಿಟ್ಜರ್ಲೆಂಡಿನ ಒಂದು ಜನಪದ ಮಟ್ಟು. ಮೂಲದಲ್ಲಿ ಅದು ಮೂರರ ಎಣಿಕೆ, ತೂಗುವ ನಡೆ, ಮಾತು ಯಾವುದೋ ಹುಡುಗಿಯ ಪ್ರೇಮದ್ದು. ಅವನು ಅದನ್ನು ನಾಲ್ಕರ ಎಣಿಕೆಗೆ ತಿರುಗಿಸಿದ. ಒಂದೇ ಬದಲಾವಣೆ. ಮೂರರಲ್ಲಿ ಮೈ ತೂಗುತ್ತದೆ, ನಾಲ್ಕರಲ್ಲಿ ಕಾಲು ನಡೆಯುತ್ತದೆ. ಇಬ್ಬರು ಜೊತೆಯಾಗಿ ಹೆಜ್ಜೆ ಹಾಕುತ್ತಿದ್ದರು, ಈಗ ಒಬ್ಬನೇ ಹೆಜ್ಜೆ ಹಾಕಬೇಕು. ಆ ಪದ್ಯದ ಒಳಗುಟ್ಟನ್ನು ಇಷ್ಟು ಕಡಿಮೆ ಕೆಲಸದಲ್ಲಿ ಹೊರಗೆ ತಂದದ್ದು ನನಗೆ ಅವನ ಎಲ್ಲ ಕೆಲಸದಲ್ಲೂ ದೊಡ್ಡದಾಗಿ ಕಾಣುತ್ತದೆ. ಜರ್ಮನಿಯಲ್ಲಿ ಸೈನಿಕರ ಅಂತ್ಯಕ್ರಿಯೆಯಲ್ಲಿ ಇಂದಿಗೂ ಟ್ರಂಪೆಟ್ ನುಡಿಸುವುದು ಈ ಮಟ್ಟನ್ನೇ.

ತಿದ್ದುವ ಕೈ ಎಲ್ಲ ಸಲವೂ ಲಾಭ ತರಲಿಲ್ಲ, ಅದನ್ನೂ ಹೇಳಬೇಕು. ಆಸ್ಟ್ರಿಯಾದ ಸಂಯೋಜಕ ಶೂಬರ್ಟ್‌ನ ‘ಲಿಂಡನ್ ಮರ’, 1827ರದು, ‘ಚಳಿಗಾಲದ ಪಯಣ’ ಗೀತಮಾಲೆಯ ಐದನೆಯ ಹಾಡು. ಊರ ಬಾಗಿಲ ಬಾವಿಯ ಹತ್ತಿರ ಒಂದು ಮರ, ಅದರ ನೆರಳಲ್ಲಿ ಕಂಡ ಕನಸು. ಶೂಬರ್ಟ್ ಮೊದಲ ಭಾಗವನ್ನು ಮೇಜರ್‌ನಲ್ಲಿ ಬರೆದ. ರಾತ್ರಿಯಲ್ಲಿ ಆ ಮರದ ಪಕ್ಕ ಹಾದುಹೋಗುವಾಗ ಮೈನರ್‌ಗೆ ತಿರುಗುತ್ತದೆ, ಗಾಂಧಾರ ಕೋಮಲವಾಗುತ್ತದೆ, ಅಷ್ಟಕ್ಕೇ ಕೇಳುವವರಿಗೆ ಕತ್ತಲೆ ಕವಿಯುತ್ತದೆ. ಆಮೇಲೆ ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಟೋಪಿ ಹಾರಿಹೋಗುವಲ್ಲಿ ಪಿಯಾನೊ ಕೆರಳುತ್ತದೆ. 1846ರಲ್ಲಿ ಸಿಲ್ಶರ್ ಮೊದಲ ಭಾಗದ ಮಟ್ಟನ್ನು ಮಾತ್ರ ತೆಗೆದುಕೊಂಡು ನಾಲ್ಕು ದನಿಗೆ ಹೊಂದಿಸಿದ, ಎಲ್ಲ ಚರಣಕ್ಕೂ ಅದೇ. ಕತ್ತಲೆ ಹೋಯಿತು, ಗಾಳಿ ಹೋಯಿತು. ಟೋಪಿ ಹಾರುವುದೂ ನೆರಳಲ್ಲಿ ಮಲಗುವುದೂ ಒಂದೇ ಸ್ವರದಲ್ಲಿ. ಶೂಬರ್ಟ್‌ನನ್ನು ಬಲ್ಲವರಿಗೆ ಇದು ನೋವು, ನನಗೂ ನೋವೇ. ಆದರೆ ಕೋಟಿ ಜನ ಆ ಹಾಡನ್ನು ಹಾಡಿದ್ದು, ಹಾಡುತ್ತಿರುವುದು ಸಿಲ್ಶರ್‌ನ ರೂಪದಲ್ಲಿ. ಬೀಥೋವನ್‌ನ ಸೊನಾಟಾ, ಸಿಂಫನಿಗಳ ಮಧುರ ಭಾಗಗಳಿಗೂ ಅವನು ಪದ್ಯ ಹೊಂದಿಸಿ 1840ರಲ್ಲಿ ಪ್ರಕಟಿಸಿದ. ಅದು ಇವತ್ತು ಯಾರ ಬಾಯಲ್ಲೂ ಉಳಿದಿಲ್ಲ. ವಾದ್ಯಕ್ಕಾಗಿ ಹುಟ್ಟಿದ ಸ್ವರಕ್ಕೆ ಉಸಿರು ತೆಗೆದುಕೊಳ್ಳುವ ಜಾಗವಿರುವುದಿಲ್ಲ, ಮಾತು ಕೂರುವುದಿಲ್ಲ.

ಚರ್ಚಿನ ಹಾಡಿನಲ್ಲೂ ಅವನ ಒಂದು ದೊಡ್ಡ ಆಸೆ ಪೂರ್ತಿ ಕೈಗೂಡಲಿಲ್ಲ. ಕೋನ್ರಾಡ್ ಕೋಖರ್, ಯೋಹಾನ್ ಗೆಯೋರ್ಗ್ ಫ್ರೆಶ್ ಇವರ ಜೊತೆ ಸೇರಿ 1828ರಲ್ಲಿ ವ್ಯೂರ್ಟೆಂಬರ್ಗ್‌ನ ಚರ್ಚುಗಳಿಗೆ ನಾಲ್ಕು ದನಿಯ ಕೋರಾಲ್, ಅಂದರೆ ಸ್ತೋತ್ರಗೀತೆಗಳ, ಪುಸ್ತಕ ಸಿದ್ಧಪಡಿಸಿದರು. ಕಾಯರ್ ಮಾತ್ರ ಅಲ್ಲ, ಬೆಂಚಿನಲ್ಲಿ ಕೂತ ಸಭೆಯೆಲ್ಲ ನಾಲ್ಕು ದನಿಯಲ್ಲಿ ಹಾಡಬೇಕು ಅನ್ನುವುದು ಗುರಿ. ವಾರಕ್ಕೊಮ್ಮೆ ಸೇರುವ, ತಾಲೀಮಿಲ್ಲದ ಸಭೆಗೆ ಅದು ಭಾರವಾಯಿತು. ಪಕ್ಕದಲ್ಲಿ ಕೂತವನು ತನ್ನದೇ ದನಿಯವನಾಗಿರಬೇಕು, ಇಲ್ಲವಾದರೆ ಒಂಟಿ ಬಾಸ್ ಮಟ್ಟಿನ ಹಿಂದೆ ಓಡಿಬಿಡುತ್ತಾನೆ. ಕುಟುಂಬದವರು ಒಟ್ಟಿಗೆ ಕೂರುವ ಚರ್ಚಿನಲ್ಲಿ ಈ ಏರ್ಪಾಡು ಎಲ್ಲಿಂದ ಬರಬೇಕು?

ಚರ್ಚಿನ ಮಾತು ಎತ್ತಿದ್ದಕ್ಕೆ ಇನ್ನೊಂದು ಕಾರಣವಿದೆ. ಸಿಲ್ಶರ್ ಟ್ಯೂಬಿಂಗೆನ್ನಿನ ದೇವತಾಶಾಸ್ತ್ರದ ಹುಡುಗರಿಗೆ ಹಾಡು ಕಲಿಸುತ್ತಿದ್ದ ವರ್ಷಗಳಲ್ಲೇ ಅಲ್ಲಿ ಓದಿದ ಇಬ್ಬರನ್ನು ನೀವು ಬಲ್ಲಿರಿ. ಒಬ್ಬ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟಿನವನು. ಇನ್ನೊಬ್ಬ ಹರ್ಮನ್ ಮೋಗ್ಲಿಂಗ್. 1836ರಲ್ಲಿ ಮಂಗಳೂರಿಗೆ ಬಂದವನು, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವನು, 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು. ಸಿಲ್ಶರ್‌ನಿಂದಲೇ ಅವನು ಇದನ್ನು ಕಲಿತ ಅಂತ ನಾನು ಹೇಳುತ್ತಿಲ್ಲ. ಆದರೆ ಅವನು ಓದಿದ ಊರಿನಲ್ಲಿ ಜನರ ಬಾಯಲ್ಲಿದ್ದ ಹಾಡನ್ನು ಕಾಗದಕ್ಕೆ ಇಳಿಸುವುದು ಗೌರವದ ಕೆಲಸವಾಗಿತ್ತು, ಅದು ಅಲ್ಲಿನ ಗಾಳಿಯಲ್ಲಿತ್ತು. ಅದೇ ವಿಶ್ವವಿದ್ಯಾಲಯ ಸಿಲ್ಶರ್‌ಗೆ 1852ರಲ್ಲೂ ಮೋಗ್ಲಿಂಗ್‌ಗೆ ಕನ್ನಡದ ಕೆಲಸಕ್ಕಾಗಿ 1858ರಲ್ಲೂ ಗೌರವ ಡಾಕ್ಟರೇಟ್ ಕೊಟ್ಟಿತು. ಬಾಸೆಲ್ ಮಿಷನ್ ಪರಂಪರೆಯ ನಮ್ಮ ಕರಾವಳಿಯ ಚರ್ಚುಗಳಲ್ಲಿ ಕನ್ನಡದ ಗೀತೆಗಳನ್ನು ನಾಲ್ಕು ದನಿಯಲ್ಲಿ ಹಾಡುವುದನ್ನು ಕೇಳಿದವರಿಗೆ ನಾನು ಈವರೆಗೆ ಹೇಳಿದ ಬಾಸ್, ಟೆನರ್ ಲೆಕ್ಕ ಹೊಸದೇನಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1822ರಲ್ಲಿ ಟ್ಯೂಬಿಂಗೆನ್ನಿನ ಲುಯಿಸೆ ಎನ್ಸ್‌ಲಿನ್ ಜೊತೆ ಮದುವೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. 1839ರಲ್ಲಿ ಒರಟೋರಿಯೊ, ಅಂದರೆ ವಾದ್ಯ ಮತ್ತು ಗುಂಪುಗಾಯನ ಕೂಡಿದ ದೊಡ್ಡ ಕೃತಿಗಳನ್ನು, ಹಾಡಲು ಸಂಘ ಕಟ್ಟಿದ. ಮಕ್ಕಳಿಗಾಗಿ ಬರೆದ ಹಾಡುಗಳಲ್ಲಿ ‘ಆಲೆ ಯಾರೆ ವೀಡರ್’, ಪ್ರತಿ ವರ್ಷವೂ ಮತ್ತೆ ಅನ್ನುವ 1842ರ ಕ್ರಿಸ್ಮಸ್ ಹಾಡು, ಜರ್ಮನ್ ಮಕ್ಕಳು ಕಲಿಯುವ ಮೊದಮೊದಲ ಹಾಡುಗಳಲ್ಲೊಂದು. 1851ರಲ್ಲಿ ಹಾರ್ಮನಿ ಮತ್ತು ಸಂಯೋಜನೆಯ ಕುರಿತು ಒಂದು ಪಠ್ಯಪುಸ್ತಕ, ಚಿಕ್ಕದು, ಜನಸಾಮಾನ್ಯರಿಗೆ ಅರ್ಥವಾಗುವಂಥದು. 1860ರ ಆಗಸ್ಟ್ 26ರಂದು ಟ್ಯೂಬಿಂಗೆನ್ನಿನಲ್ಲೇ ತೀರಿಕೊಂಡ. ಶ್ನೈಟ್‌ನಲ್ಲಿ ಅವನು ಹುಟ್ಟಿದ ಶಾಲೆಯ ಕಟ್ಟಡ 1912ರಿಂದ ಅವನ ಮ್ಯೂಸಿಯಂ.

ಟ್ಯೂಬಿಂಗೆನ್ನಿಗೆ ಹೋದರೆ ನೆಕಾರ್ ನದಿಯ ನಡುಗಡ್ಡೆಯಲ್ಲಿ, ಸಾಲುಮರಗಳ ದಾರಿಯಲ್ಲಿ, ಅವನ ಕಲ್ಲಿನ ಪ್ರತಿಮೆ ನೋಡುತ್ತೀರಿ. ಎ‌ದುರಿನಿಂದ ನೋಡಿದರೆ ಕೂತು ಬರೆಯುವ ಸಂಗೀತಗಾರ. ಹಿಂದೆ ಸುತ್ತಿ ಹೋಗಿ. ಬೆನ್ನಿನಿಂದ ಸೈನಿಕರು ಮೂಡಿ ಬರುತ್ತಾರೆ, ವಿದಾಯ ಹೇಳುವ ಜೋಡಿ ಬರುತ್ತದೆ. ಶಿಲ್ಪಿ ವಿಲ್ಹೆಲ್ಮ್ ಯೂಲಿಯಸ್ ಫ್ರಿಕ್, ವರ್ಷ 1941. ನಾಟ್ಸಿಗಳ ಕಾಲ, ಯುದ್ಧದ ನಡುವೆ. ಗೆಳೆಯನ ಸಾವಿನ ಹಾಡನ್ನೂ ಊರು ಬಿಡುವ ಹಾಡನ್ನೂ ಸೈನ್ಯಕ್ಕೆ ಸೇರಿಸುವ ಕರೆಯಾಗಿ ಓದಿಕೊಂಡ ಶಿಲ್ಪ ಅದು. ಕೈ ಕೊಡಲಾಗದೆ ಹೋದವನ ಸಂಕಟವನ್ನು ಹೀಗೆ ತಿರುಗಿಸಿದ್ದು ಅನ್ಯಾಯ. ಆ ಕಲ್ಲನ್ನು ಏನು ಮಾಡಬೇಕು ಅನ್ನುವ ಚರ್ಚೆ ಆ ಊರಿನಲ್ಲಿ ನಡೆಯುತ್ತಲೇ ಬಂದಿದೆ.

ಮನೆಗೆ ಹೋದ ಮೇಲೆ ‘ಲೋರೆಲೈ’ಯನ್ನು ಯಾವುದಾದರೂ ಗಂಡಸರ ಕಾಯರ್ ಹಾಡಿದ್ದು ಹುಡುಕಿ, ಮೂರು ಸಲ ಕೇಳಿ. ಮೊದಲ ಸಲ ಮಟ್ಟು ಕೇಳಿ, ನಾನು ಮೊದಲು ಹೇಳಿದ ಪ ಪ ದ ಪ. ಎರಡನೆಯ ಸಲ ಕಿವಿಯನ್ನು ತಳಕ್ಕೆ ಇಳಿಸಿ ಎರಡನೆಯ ಬಾಸ್ ಒಂದನ್ನೇ ಹಿಡಿಯಿರಿ. ಎಷ್ಟು ಕಡಿಮೆ ಸ್ವರಗಳಲ್ಲಿ ಅದು ಇಡೀ ಹಾಡನ್ನು ಹೊತ್ತಿದೆ ನೋಡಿ. ಮೂರನೆಯ ಸಲ ನಡುವಿನವನನ್ನು ಹುಡುಕಿ, ಒಂದನೆಯ ಬಾಸ್. ಅವನು ಸುಲಭಕ್ಕೆ ಸಿಗುವುದಿಲ್ಲ. ಹೆಡ್‌ಫೋನ್ ಇದ್ದರೆ ಒಳ್ಳೆಯದು.